ಕಡ್ಡಿ ಗೀರದೆ ಹತ್ತಿಕೊಳ್ಳುವ ಕಲ್ಲಿದ್ದಲು: ಗಣಿಗೆ ಇಳಿದ ಮೊದಲ ವಾರ ಎಂತ ನೋಡಬೇಕು?

ಸುರತ್ಕಲ್ ಹೊಸಬ – ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ಸುರತ್ಕಲ್‌ನಲ್ಲಿ ಮೈನಿಂಗ್ ಓದಿ ಮುಗಿಸಿದ್ದೇನೆ. ಮುಂದಿನ ತಿಂಗಳು ಉತ್ತರದ ಕಡೆ ಒಂದು ಕಲ್ಲಿದ್ದಲು ಗಣಿಗೆ ಟ್ರೈನಿಯಾಗಿ ಸೇರಲಿಕ್ಕುಂಟು. ಓಪನ್ ಕಾಸ್ಟ್ ಅಲ್ಲ, ನೆಲದಡಿಯ ಗಣಿ. ವೆಂಟಿಲೇಷನ್ ವಿಭಾಗಕ್ಕೆ ಹಾಕುತ್ತಾರಂತೆ.

ಮೊನ್ನೆ ಊಟಕ್ಕೆ ಕೂತಾಗ ಅಪ್ಪ ಕೇಳಿದರು. "ಒಳಗೆ ಬೀಡಿ ಸೇದುವ ಹಾಗಿಲ್ಲ, ಕಡ್ಡಿಪೆಟ್ಟಿಗೆ ತಕೊಂಡು ಹೋಗುವ ಹಾಗಿಲ್ಲ, ಸ್ವಿಚ್ಚಿನ ಕಿಡಿ ಕೂಡ ಹೊರಗೆ ಬೀಳುವುದಿಲ್ಲ ಅಂತೀಯ. ಮತ್ತೆ ಬೆಂಕಿ ಎಲ್ಲಿಂದ ಬರುತ್ತದೆ?" ತಾನಾಗಿ ಹತ್ತಿಕೊಳ್ಳುತ್ತದೆ ಅಂದೆ. ಅಪ್ಪನಿಗೆ ನಂಬಿಕೆ ಬರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಪರೀಕ್ಷೆಯಲ್ಲಿ ಬರೆಯುವಷ್ಟು ಗೊತ್ತು, ಬೇರೆಯವರಿಗೆ ಅರ್ಥ ಮಾಡಿಸುವಷ್ಟು ಗೊತ್ತಿಲ್ಲ. ಇಲ್ಲಿ ಯಾರಾದರೂ ಗಣಿಯಲ್ಲಿ ಕೆಲಸ ಮಾಡಿದವರು ಇದ್ದೀರಾ? ಮೊದಲ ವಾರ ಕೆಳಗೆ ಇಳಿದಾಗ ನಾನು ಎಂತ ನೋಡಬೇಕು, ಎಂತ ಕಲಿಯಬೇಕು?

ಮಲ್ಪೆ ಮೀನುಹುಡಿ – ಸೋಮವಾರ ರಾತ್ರಿ

ಗಣಿ ನನಗೆ ಗೊತ್ತಿಲ್ಲ. ಆದರೆ ನಿಮ್ಮ ಅಪ್ಪನಿಗೆ ಉತ್ತರ ಹೇಳಲು ನನಗೆ ಆಗುತ್ತದೆ. ನಾನು ಫಿಶ್‌ಮೀಲ್ ಕಾರ್ಖಾನೆಯಲ್ಲಿ ಕೆಲಸ ಮಾಡುವವ. ಬೂತಾಯಿ ಬೇಯಿಸಿ, ಹಿಂಡಿ, ಒಣಗಿಸಿ ಹುಡಿ ಮಾಡುತ್ತೇವೆ ಅಲ್ವಾ, ಆ ಹುಡಿಯಲ್ಲಿ ಉಳಿದ ಮೀನೆಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಬಿಸಿಯಾಗುತ್ತದೆ. ಸರಿಯಾಗಿ ತಣಿಯುವ ಮೊದಲೇ ಚೀಲ ತುಂಬಿ ಒತ್ತಾಗಿ ಅಟ್ಟಿ ಹಾಕಿದರೆ ನಡುವಿನ ಚೀಲಕ್ಕೆ ಕೈ ಇಡಲಿಕ್ಕಾಗುವುದಿಲ್ಲ. ಹಾಗೇ ಬಿಟ್ಟರೆ ಕಪ್ಪಾಗುತ್ತದೆ, ಹೊಗೆ ಬರುತ್ತದೆ. ಅದಕ್ಕೇ ಹುಡಿಗೆ ಆಕ್ಸಿಡೀಕರಣ ತಡೆಯುವ ಔಷಧ ಬೆರೆಸುತ್ತಾರೆ. ಹಡಗಿಗೆ ಹಾಕುವಾಗಲೂ ಇದಕ್ಕೆ ಬೇರೆ ನಿಯಮ ಉಂಟು. ಇದನ್ನು ತಾನಾಗಿ ಬಿಸಿಯಾಗುವ ಸರಕು ಅಂತಲೇ ಗುರುತಿಸಿದ್ದಾರೆ. ಕಡ್ಡಿ ಬೇಡ, ಗಾಳಿ ಸಾಕು. ಅಪ್ಪನಿಗೆ ಇದನ್ನು ಹೇಳಿ, ಮೀನಿನ ಊರಿನವರಿಗೆ ಬೇಗ ಅರ್ಥವಾಗುತ್ತದೆ.

ಕಟಪಾಡಿ ಓವರ್‌ಮನ್ – ಮಂಗಳವಾರ ಬೆಳಗ್ಗೆ

ಮೀನುಹುಡಿಯವರು ಹೇಳಿದ್ದು ಸರಿ. ಕಲ್ಲಿದ್ದಲಿನದ್ದೂ ಅದೇ ಕತೆ, ಸ್ವಲ್ಪ ದೊಡ್ಡದು ಅಷ್ಟೆ.

ನಾನು ನಿವೃತ್ತ ಓವರ್‌ಮನ್, ಅಂದರೆ ಗಣಿಯೊಳಗೆ ಒಂದು ಪಾಳಿಯ ಕೆಲಸ ನೋಡಿಕೊಳ್ಳುವ ಮೇಲ್ವಿಚಾರಕ. ಮೂರು ರಾಜ್ಯಗಳ ಗಣಿಗಳಲ್ಲಿ ಕೆಲಸ ಮಾಡಿದ್ದೇನೆ. ಈಗ ಕಟಪಾಡಿಯಲ್ಲಿ ಮನೆ, ಐದು ಸೆಂಟ್ಸ್ ಜಾಗ, ನಾಲ್ಕು ಮಲ್ಲಿಗೆ ಬುಡ. ತಮ್ಮಾ, ನೀನು ಹೋಗುವ ವಿಭಾಗದಲ್ಲೇ ನನ್ನ ಹೆಚ್ಚಿನ ಆಯುಷ್ಯ ಹೋಯಿತು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡ.

ಕಲ್ಲಿದ್ದಲು ಗಾಳಿಗೆ ತೆರೆದುಕೊಂಡ ಗಳಿಗೆಯಿಂದಲೇ ಆಮ್ಲಜನಕ ಹೀರಲು ಶುರು ಮಾಡುತ್ತದೆ. ಹೀರುವಾಗ ಸ್ವಲ್ಪ ಶಾಖ ಬಿಡುತ್ತದೆ. ಆ ಶಾಖ ಗಾಳಿಯ ಜೊತೆ ಹೋಗಿಬಿಟ್ಟರೆ ಏನೂ ಇಲ್ಲ. ಹೋಗದೆ ಅಲ್ಲೇ ಉಳಿದರೆ ಕಲ್ಲಿದ್ದಲು ಬಿಸಿಯಾಗುತ್ತದೆ, ಬಿಸಿಯಾದಷ್ಟು ಇನ್ನೂ ಜೋರಾಗಿ ಆಮ್ಲಜನಕ ಹೀರುತ್ತದೆ. ಸುಮಾರಾಗಿ ಹತ್ತು ಡಿಗ್ರಿ ಏರಿದರೆ ಆ ವೇಗ ಎರಡು ಪಟ್ಟಾಗುತ್ತದೆ ಅಂತ ಲೆಕ್ಕ ಹಿಡಿಯುತ್ತಾರೆ. ಒಳಗೆ ತೇವ ಇರುವ ತನಕ ಆ ಶಾಖದ ಒಂದು ಪಾಲು ನೀರು ಒಣಗಿಸಲಿಕ್ಕೆ ಹೋಗುತ್ತದೆ, ಹಾಗಾಗಿ ಏರಿಕೆ ನಿಧಾನ. ತೇವ ಮುಗಿದ ಮೇಲೆ ಓಟ. ಆಮೇಲೆ ಹಿಡಿಯುವುದು ಕಷ್ಟ.

ಇಲ್ಲಿ ಒಂದು ವಿಷಯ ಚೆನ್ನಾಗಿ ತಿಳಿದುಕೋ. ಗಾಳಿ ತುಂಬ ಹರಿದರೆ ಶಾಖ ಹೊತ್ತುಕೊಂಡು ಹೋಗುತ್ತದೆ, ಅಪಾಯ ಇಲ್ಲ. ಗಾಳಿಯೇ ಇಲ್ಲದಿದ್ದರೆ ಆಮ್ಲಜನಕ ಇಲ್ಲ, ಆಗಲೂ ಅಪಾಯ ಇಲ್ಲ. ಎರಡರ ನಡುವೆ, ಸೋರುವ ಹಾಗೆ, ಸ್ವಲ್ಪ ಸ್ವಲ್ಪ ಗಾಳಿ ಹೋಗುತ್ತದಲ್ಲ, ಅಲ್ಲೇ ಕೆಡುವುದು. ಗಣಿಯಲ್ಲಿ ಅಂಥ ಜಾಗ ಯಾವುದು? ಗೋಫ್. ಅಂದರೆ ಕಲ್ಲಿದ್ದಲು ತೆಗೆದು ಮುಗಿದು ಛಾವಣಿ ಕುಸಿದು ಬಿದ್ದ ಜಾಗ. ಅಲ್ಲಿ ತೆಗೆಯಲಿಕ್ಕಾಗದೆ ಬಿಟ್ಟ ಕಲ್ಲಿದ್ದಲು ಹುಡಿ ಹುಡಿಯಾಗಿ ಬಿದ್ದಿರುತ್ತದೆ. ನಮ್ಮಲ್ಲಿ ದಪ್ಪ ಪದರಗಳು ಜಾಸ್ತಿ, ಪೂರ್ತಿ ತೆಗೆಯಲಿಕ್ಕೆ ಆಗುವುದಿಲ್ಲ, ಉಳಿಯುವುದೂ ಜಾಸ್ತಿ. ಛಾವಣಿಗೆ ಆಧಾರವಾಗಿ ತೆಗೆಯದೆ ಬಿಟ್ಟ ಕಲ್ಲಿದ್ದಲಿನ ಕಂಬ, ಅಂದರೆ ಪಿಲ್ಲರ್, ಒತ್ತಡಕ್ಕೆ ಒಡೆದ ಬಿರುಕು, ಅಡ್ಡಗೋಡೆಯ ಸಂದು, ಮೇಲಿನ ನೆಲ ಕುಸಿದು ಆದ ಸೀಳು, ಎಲ್ಲ ಕಡೆಯಿಂದ ಗಾಳಿ ಸೋರುತ್ತದೆ. ಅಲ್ಲಿಗೆ ಯಾರೂ ಕಾಲಿಡಲಿಕ್ಕೆ ಇಲ್ಲ. ಕಣ್ಣಿಗೆ ಕಾಣುವುದಿಲ್ಲ.

ಎಲ್ಲ ಕಲ್ಲಿದ್ದಲೂ ಒಂದೇ ಥರ ಅಲ್ಲ. ಲಿಗ್ನೈಟ್ ಮತ್ತು ಎಳೆಯ ಕಲ್ಲಿದ್ದಲು ಬೇಗ ಬಿಸಿಯಾಗುತ್ತದೆ. ಹುಡಿಯಾಗುವಂಥದ್ದು ಇನ್ನೂ ಬೇಗ. ಪೈರೈಟ್ ಅನ್ನುವ ಕಬ್ಬಿಣ-ಗಂಧಕದ ಖನಿಜ ಸಣ್ಣ ಕಣಗಳಾಗಿ ಸೇರಿಕೊಂಡಿದ್ದು ತೇವವೂ ಇದ್ದರೆ ಅದೊಂದು ಹೆಚ್ಚಿನ ಕಾಟ. ನೀನು ಸೇರುವ ಗಣಿಯ ಪದರಕ್ಕೆ ಕ್ರಾಸಿಂಗ್ ಪಾಯಿಂಟ್ ಟೆಂಪರೇಚರ್ ಎಷ್ಟು ಅಂತ ಮೊದಲ ದಿನವೇ ಕೇಳು, ಅಂದರೆ ಲ್ಯಾಬಿನ ಕುಲುಮೆಯಲ್ಲಿ ಕಾಯಿಸುವಾಗ ಕಲ್ಲಿದ್ದಲಿನ ಬಿಸಿ ಕುಲುಮೆಯ ಬಿಸಿಯನ್ನೇ ದಾಟಿ ಹೋಗುವ ಹಂತ. 120ರಿಂದ 140 ಡಿಗ್ರಿ ಒಳಗೆ ಅಂದರೆ ಅದು ಬೇಗ ಹೊತ್ತಿಕೊಳ್ಳುವ ಕಲ್ಲಿದ್ದಲು. 160ರ ಮೇಲೆ ಅಂದರೆ ಸ್ವಲ್ಪ ನಿದ್ದೆ ಬರುತ್ತದೆ.

ಮಧ್ಯಾಹ್ನ ಉಳಿದದ್ದು ಬರೆಯುತ್ತೇನೆ, ಈಗ ಹೂ ಕೊಯ್ಯಲಿಕ್ಕುಂಟು.

ಬಜ್ಪೆ ಇನ್‌ಸ್ಟ್ರುಮೆಂಟ್ – ಮಂಗಳವಾರ ಮಧ್ಯಾಹ್ನ

ಒಳ್ಳೆಯ ಮಾಹಿತಿ. ಆದರೆ ಒಂದು ಪ್ರಶ್ನೆ. ನಾನು ಗ್ಯಾಸ್ ಡಿಟೆಕ್ಟರ್ ಸರ್ವಿಸ್ ಮಾಡುವವ. ಕಲ್ಲಿದ್ದಲು ಬಿಸಿಯಾಗುವಾಗ ಬಿಡುವ ಕಾರ್ಬನ್ ಮೊನಾಕ್ಸೈಡ್ ಅನಿಲ ಹಿಡಿಯಲು ಈಗ ಸೆನ್ಸರ್ ಉಂಟು, ಪೈಪು ಹಾಕಿ ಕೆಳಗಿನ ಗಾಳಿಯನ್ನು ಮೇಲಕ್ಕೆ ಎಳೆದು ಪರೀಕ್ಷಿಸುವ ವ್ಯವಸ್ಥೆ ಉಂಟು, ಗಾಳಿಯಲ್ಲಿ ಯಾವ ಅನಿಲ ಎಷ್ಟು ಅಂತ ಬಿಡಿಸಿ ಹೇಳುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಉಂಟು. ಮಿತಿ ದಾಟಿದರೆ ಅಲಾರಂ ಹೊಡೆಯುತ್ತದೆ. ಹೊಸ ಹುಡುಗ ಬೇರೆ ಎಂತ ನೋಡಬೇಕು?

ಕಟಪಾಡಿ ಓವರ್‌ಮನ್ – ಮಂಗಳವಾರ ಮಧ್ಯಾಹ್ನ

ಯಂತ್ರ ಬೇಕೇ ಬೇಕು ಮಾರಾಯ್ರೇ. ನಾವು ಯಂತ್ರ ಕೊಡಿ ಅಂತ ಎಷ್ಟು ಸಲ ಕೇಳಿದ್ದೇವೆ. ಆದರೆ ಮಿತಿ ದಾಟಿದರೆ ಅಲಾರಂ ಅನ್ನುವ ಮಾತಿನಲ್ಲೇ ಒಂದು ಗುಂಡಿ ಉಂಟು. ಲೆಕ್ಕ ಮಾಡಿಯೇ ತೋರಿಸುತ್ತೇನೆ. ತಮ್ಮಾ, ನೀನೂ ಪೆನ್ನು ತಕೋ.

ನಮ್ಮಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿ 50 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 50 ಪಾಲು. ಒಂದು ಪ್ಯಾನೆಲ್, ಅಂದರೆ ಗಣಿಯಲ್ಲಿ ಒಟ್ಟಿಗೆ ಕಲ್ಲಿದ್ದಲು ತೆಗೆಯುವ ಒಂದು ಭಾಗ, ಅದರ ರಿಟರ್ನ್ ಗಾಳಿಯಲ್ಲಿ, ಅಂದರೆ ಒಳಗೆ ಸುತ್ತಿ ವಾಪಸ್ ಹೊರಗೆ ಹೋಗುವ ಗಾಳಿಯಲ್ಲಿ, ಒಂದು ದಿನ 40 ಪಿಪಿಎಂ ಬಂತು ಅಂತ ಇಟ್ಟುಕೋ. ಆಮ್ಲಜನಕ ಶೇ. 19.5, ಸಾರಜನಕ ಶೇ. 80. ಎರಡು ವಾರ ಬಿಟ್ಟು ನೋಡಿದರೆ 30 ಪಿಪಿಎಂ. ಆಮ್ಲಜನಕ 20.6, ಸಾರಜನಕ 79.3. ಅಲಾರಂ ಎರಡು ದಿನವೂ ಹೊಡೆಯುವುದಿಲ್ಲ. 40 ಇದ್ದದ್ದು 30 ಆಯಿತು, ಒಳ್ಳೆಯದಾಯಿತು ಅಂತ ಎಲ್ಲರೂ ಚಹಾ ಕುಡಿಯಲು ಹೋಗುತ್ತಾರೆ.

ಈಗ ಗ್ರಹಾಮ್ ಅನುಪಾತ ತೆಗೆ, ಅಂದರೆ ತಿಂದ ಆಮ್ಲಜನಕಕ್ಕೆ ಎಷ್ಟು ಕಾರ್ಬನ್ ಮೊನಾಕ್ಸೈಡ್ ಹುಟ್ಟಿತು ಅನ್ನುವ ಲೆಕ್ಕ. ಸಾರಜನಕವನ್ನು 0.265ರಿಂದ ಗುಣಿಸಿದರೆ ಆ ಗಾಳಿಯಲ್ಲಿ ಮೊದಲು ಎಷ್ಟು ಆಮ್ಲಜನಕ ಇತ್ತು ಅಂತ ಸಿಗುತ್ತದೆ. ಅದರಿಂದ ಈಗ ಇರುವ ಆಮ್ಲಜನಕ ಕಳೆ. ಕಲ್ಲಿದ್ದಲು ಎಷ್ಟು ತಿಂದಿದೆ ಅಂತ ಗೊತ್ತಾಗುತ್ತದೆ. ಕಾರ್ಬನ್ ಮೊನಾಕ್ಸೈಡನ್ನು ಅದರಿಂದ ಭಾಗಿಸಿ ನೂರರಿಂದ ಗುಣಿಸು. ಮೊದಲ ದಿನ 21.2ರಲ್ಲಿ 19.5 ಕಳೆದರೆ 1.7. ಕಾರ್ಬನ್ ಮೊನಾಕ್ಸೈಡ್ 40 ಪಿಪಿಎಂ ಅಂದರೆ ಶೇ. 0.004. ಅನುಪಾತ 0.24. ಎರಡನೆಯ ದಿನ 21.01ರಲ್ಲಿ 20.6 ಕಳೆದರೆ 0.41. ಅನುಪಾತ 0.7ರ ಮೇಲೆ ಹೋಯಿತು. ಮೂರು ಪಟ್ಟು!

ಎಂತ ಆಯಿತು? ನಡುವೆ ಯಾರೋ ಒಂದು ಬಾಗಿಲು ತೆರೆದರು, ಗಾಳಿ ಜಾಸ್ತಿ ಹರಿಯಿತು, ಅನಿಲ ತೆಳುವಾಯಿತು. ಪಿಪಿಎಂ ಇಳಿಯಿತು. ಆದರೆ ಒಳಗೆ ಕಲ್ಲಿದ್ದಲು ತಿಂದ ಪ್ರತಿ ತುತ್ತು ಆಮ್ಲಜನಕಕ್ಕೆ ಮೊದಲಿಗಿಂತ ಮೂರು ಪಟ್ಟು ಕಾರ್ಬನ್ ಮೊನಾಕ್ಸೈಡ್ ಬಿಡುತ್ತಿದೆ. ಅಂದರೆ ಅದು ಬಿಸಿಯಾಗಿದೆ. ಅನುಪಾತ 0.5ರ ತನಕ ಸಾಮಾನ್ಯ, 1 ಅಂದರೆ ಎಲ್ಲೋ ಬಿಸಿಯಾಗುತ್ತಿದೆ, 2 ಅಂದರೆ ಜೋರಾಗಿದೆ, 3 ದಾಟಿದರೆ ಬೆಂಕಿ ಅಂತ ಹಿಡಿಯುತ್ತಾರೆ. ಆದರೆ ಈ ಅಂಕೆಗಳನ್ನು ಬಾಯಿಪಾಠ ಮಾಡಿ ಕೂರಬೇಡ. ಒಂದು ಗಣಿಯಲ್ಲಿ 0.3 ಸಾಮಾನ್ಯ, ಇನ್ನೊಂದರಲ್ಲಿ 0.1 ಸಾಮಾನ್ಯ. ನಿನ್ನ ಗಣಿಯ ಸಾಮಾನ್ಯ ಎಷ್ಟು, ಅದು ಏರುತ್ತಿದೆಯಾ, ಅಷ್ಟೇ ಪ್ರಶ್ನೆ. ಇನ್ನೊಂದು ಎಚ್ಚರ, ಆಮ್ಲಜನಕದ ಕೊರತೆ ತೀರಾ ಕಡಿಮೆ, 0.3ಕ್ಕಿಂತ ಕೆಳಗೆ ಇದ್ದರೆ ಈ ಲೆಕ್ಕವನ್ನು ನಂಬಬೇಡ. ಸಣ್ಣ ತಪ್ಪು ಕೂಡ ದೊಡ್ಡದಾಗಿ ಕಾಣುತ್ತದೆ.

ಒಂದು ದಿನದ ಅಂಕೆಯಿಂದ ಏನೂ ಗೊತ್ತಾಗುವುದಿಲ್ಲ. ಗ್ರಾಫ್ ಹಾಕು. ಕೈಯಲ್ಲೇ ಹಾಕು.

ಕುಂದಾಪುರ ಚೀಫ್ ಆಫೀಸರ್ – ಮಂಗಳವಾರ ರಾತ್ರಿ

ಏರಿಕೆ ನೋಡು ಅನ್ನುವ ಮಾತಿಗೆ ನನ್ನದೂ ಸಾಕ್ಷಿ. ನಾನು ಬಲ್ಕ್ ಕ್ಯಾರಿಯರ್ ಹಡಗುಗಳಲ್ಲಿ ಇದ್ದವ. ಇಂಡೋನೇಷ್ಯಾದಿಂದ ಕಲ್ಲಿದ್ದಲು ತಂದು ಪಣಂಬೂರಿನಲ್ಲಿ ಇಳಿಸಿದ್ದೂ ಉಂಟು. ಅಲ್ಲಿನ ಕಲಿಮಂತಾನ್‌ನ ಕಲ್ಲಿದ್ದಲು ಎಳೆಯದು, ತೇವ ಜಾಸ್ತಿ, ಬಹಳ ಬೇಗ ಬಿಸಿಯಾಗುತ್ತದೆ. 55 ಡಿಗ್ರಿಗಿಂತ ಬಿಸಿ ಇರುವ ಕಲ್ಲಿದ್ದಲನ್ನು ಹಡಗಿಗೆ ಹಾಕಿಸಿಕೊಳ್ಳಬಾರದು ಅಂತ ಅಂತರರಾಷ್ಟ್ರೀಯ ನಿಯಮವೇ ಉಂಟು. ಬಾರ್ಜಿನಲ್ಲಿ ಬರುವಾಗ ಥರ್ಮಾಮೀಟರ್ ಚುಚ್ಚಿ ನೋಡುತ್ತೇವೆ. ಬಾರ್ಜಿನವರು ಗಡಿಬಿಡಿ ಮಾಡುತ್ತಾರೆ, ಬಿಡಬಾರದು.

ಹೊರಟ ಮೇಲೆ ದಿನವೂ ಪ್ರತಿ ಹೋಲ್ಡಿನ, ಅಂದರೆ ಸರಕು ತುಂಬುವ ಕೋಣೆಯ, ಅನಿಲ ಅಳೆಯಬೇಕು. ಕಾರ್ಬನ್ ಮೊನಾಕ್ಸೈಡ್ 50 ಪಿಪಿಎಂ ದಾಟಿದರೆ, ಅಥವಾ ಮೂರು ದಿನ ಸತತ ಏರಿದರೆ, ಬಿಸಿಯಾಗುತ್ತಿದೆ ಅಂತಲೇ ಲೆಕ್ಕ. ಆ 'ಅಥವಾ' ನೋಡಿ. 10, 14, 19 ಅಂತ ಏರಿದರೂ ಸಾಕು. ಆಗ ಗಾಳಿ ಬಿಡುವುದು ನಿಲ್ಲಿಸಿ ಹ್ಯಾಚ್ ಭದ್ರ ಮುಚ್ಚುತ್ತೇವೆ. ಹೊಸಬರು ಗಾಬರಿಯಲ್ಲಿ ಹ್ಯಾಚ್ ತೆರೆದು ನೋಡಲಿಕ್ಕೆ ಹೊರಡುತ್ತಾರೆ. ತೆರೆದರೆ ಬೆಂಕಿಗೆ ಉಸಿರು ಕೊಟ್ಟ ಹಾಗೆ. ಕಡಲಿನ ನಡುವೆ ನೀರು ಹಾಕಿ ತಣಿಸುವ ಹಾಗೂ ಇಲ್ಲ.

ಪಣಂಬೂರು ಲಾರಿ – ಮಂಗಳವಾರ ರಾತ್ರಿ

ನೀರು ಹಾಕಬಾರದಾ?? ನಾನು ಎರಡು ವರ್ಷ ಒಂದು ಕಲ್ಲಿದ್ದಲು ಯಾರ್ಡಿನಲ್ಲಿ ಸೂಪರ್‌ವೈಸರ್ ಆಗಿದ್ದೆ. ಯಾವುದು ಅಂತ ಬೇಡ. ರಾಶಿಯಲ್ಲಿ ಹೊಗೆ ಕಂಡರೆ ಪೈಪು ಹಿಡಿದು ನೀರು ಬಿಡುವುದು, ಅದೊಂದೇ ನಮಗೆ ಗೊತ್ತಿದ್ದದ್ದು. ಮೊದಲ ಮಳೆ ಬಿದ್ದ ವಾರ ಹೊಗೆ ಕಡಿಮೆಯಾಗಬೇಕಿತ್ತು ಅಲ್ವಾ, ಜಾಸ್ತಿ ಆಗುತ್ತಿತ್ತು. ನಮಗೆ ಅರ್ಥವೇ ಆಗುತ್ತಿರಲಿಲ್ಲ. ಯಾರೂ ಹೇಳಿಕೊಟ್ಟದ್ದೂ ಇಲ್ಲ. ಹುಡುಗರು ಮೂಗಿಗೆ ಬೈರಾಸು ಕಟ್ಟಿಕೊಂಡು ಆ ರಾಶಿಯ ಮೇಲೆ ಹತ್ತಿ ಕೆಲಸ ಮಾಡುತ್ತಿದ್ದರು. ಈಗ ನೆನೆಸಿದರೆ ಹೊಟ್ಟೆ ಉರಿಯುತ್ತದೆ.

ಕಟಪಾಡಿ ಓವರ್‌ಮನ್ – ಬುಧವಾರ ಬೆಳಗ್ಗೆ

ಲಾರಿಯವರೇ, ನೀವು ನೋಡಿದ್ದು ಸರಿಯೇ. ಒಣಗಿದ ಕಲ್ಲಿದ್ದಲಿಗೆ ನೀರು ತಾಗಿದಾಗ ನೀರು ಹೀರಿಕೊಳ್ಳುವಾಗಲೇ ಶಾಖ ಹುಟ್ಟುತ್ತದೆ. ಬೇಸಿಗೆ ಇಡೀ ಒಣಗಿದ ರಾಶಿಗೆ ಮೊದಲ ಮಳೆ ಬಿದ್ದರೆ ಅದೇ ಆಗುವುದು. ಒದ್ದೆ, ಒಣ, ಮತ್ತೆ ಒದ್ದೆ, ಇದು ಕಲ್ಲಿದ್ದಲಿಗೆ ಆಗದ ಸಂಗತಿ. ಅದರ ಮೇಲೆ ನೀರು ಹರಿದು ಹುಡಿ ತೊಳೆದು ಹೋಗಿ ರಾಶಿಯಲ್ಲಿ ಸಂದು ಬೀಳುತ್ತದೆ, ಗಾಳಿಗೆ ದಾರಿ. ರಾಶಿಯನ್ನು ಪದರ ಪದರವಾಗಿ ಒತ್ತಿ ಗಟ್ಟಿ ಮಾಡಬೇಕು, ಎತ್ತರ ಕಡಿಮೆ ಇಡಬೇಕು, ಮೊದಲು ಬಂದದ್ದನ್ನು ಮೊದಲು ಸಾಗಿಸಬೇಕು. ಬಿಸಿಯಾದ ಭಾಗವನ್ನು ಯಂತ್ರದಿಂದ ಬಗೆದು ಹರಡಿ ತಣಿಸಬೇಕು. ನೀರು ಧೂಳಿಗೆ ಒಳ್ಳೆಯದು, ರಾಶಿಯ ಒಳಗಿನ ಬಿಸಿಗೆ ಅಲ್ಲ. ಆ ಹುಡುಗರು ಹೊಗೆಯ ಮೇಲೆ ನಿಲ್ಲಬಾರದಿತ್ತು. ಕಾರ್ಬನ್ ಮೊನಾಕ್ಸೈಡನ್ನು ಬೈರಾಸು ತಡೆಯುವುದಿಲ್ಲ.

ಈಗ ಮೂಗಿನ ವಿಷಯ. ಬಜ್ಪೆಯವರು ಕೇಳಿದ್ದಕ್ಕೆ ಅರ್ಧ ಉತ್ತರ ಮಾತ್ರ ಕೊಟ್ಟಿದ್ದೆ.

ನಾನು ಹೊಸದಾಗಿ ಓವರ್‌ಮನ್ ಆಗಿದ್ದ ಕಾಲ. ಗಣಿ ಎಲ್ಲಿಯದ್ದು ಅಂತ ಬರೆಯುವುದಿಲ್ಲ. ರಾತ್ರಿ ಪಾಳಿ. ಕಲ್ಲಿದ್ದಲು ತೆಗೆದ ಖಾಲಿ ಜಾಗಕ್ಕೆ ಮರಳು ತುಂಬುವ ಗ್ಯಾಂಗಿನ ಒಬ್ಬ ಹಿರಿಯ ಕೆಲಸಗಾರ, ಒಂದು ತಿಂಗಳು ಊರಿಗೆ ಹೋಗಿ ಅವತ್ತೇ ಕೆಲಸಕ್ಕೆ ಬಂದವರು, ರಿಟರ್ನ್ ದಾರಿಯಲ್ಲಿ ನಿಂತು "ಸಾಹೇಬ್, ಸೀಮೆಎಣ್ಣೆ ವಾಸನೆ ಬರ್ತಾ ಉಂಟು" ಅಂತ ಅವರ ಭಾಷೆಯಲ್ಲಿ ಹೇಳಿದರು. ನಾನು ಹೋಗಿ ಮೂಸಿದೆ. ನನಗೆ ಏನೂ ಬರಲಿಲ್ಲ. ಯಂತ್ರದ ಎಣ್ಣೆ ಇರಬೇಕು ಅಂತ ಅಂದುಕೊಂಡೆ. ರಿಪೋರ್ಟ್ ಪುಸ್ತಕದಲ್ಲಿ 'ಸಾಮಾನ್ಯ' ಅಂತ ಬರೆದೆ. ಮರುದಿನದ ಪಾಳಿಯವರು ನನ್ನ ಬರಹ ನೋಡಿ ಅವರೂ 'ಸಾಮಾನ್ಯ' ಬರೆದರು. ಒಂದು ವಾರ ಹಾಗೇ ಹೋಯಿತು. ಆಮೇಲೆ ಛಾವಣಿ ಬೆವರಲು ಶುರುವಾಯಿತು. ತಣ್ಣನೆಯ ಕಬ್ಬಿಣದ ಮೇಲೆ ಹನಿ ಹನಿ ನೀರು, ಲೈಟಿನ ಬೆಳಕಿನಲ್ಲಿ ತೆಳುವಾದ ಮಂಜು. ಸ್ಯಾಂಪಲ್ ತೆಗೆದಾಗ ಅನುಪಾತ 2ರ ಹತ್ತಿರ ಇತ್ತು.

ಯಾರೂ ಸಾಯಲಿಲ್ಲ. ಎಲ್ಲರನ್ನೂ ಮೇಲೆ ಕಳುಹಿಸಿ, ಪ್ಯಾನೆಲ್ಲಿಗೆ ಗೋಡೆ ಕಟ್ಟಿ ಮುಚ್ಚಿದರು. ಒಳಗೆ ಒಂದು ಯಂತ್ರ, ಪಂಪು, ಅರ್ಧಕ್ಕರ್ಧ ಕಲ್ಲಿದ್ದಲು ಉಳಿಯಿತು. ಆ ವಾಸನೆ ಮೊದಲ ರಾತ್ರಿಯೇ ಪುಸ್ತಕದಲ್ಲಿ ಬಿದ್ದಿದ್ದರೆ ಗೋಫಿನ ಒಂದು ಮೂಲೆಗೆ ಮರಳು ತುಂಬಿ ಮುಗಿಸಬಹುದಿತ್ತು. ಆ ತಪ್ಪು ನನ್ನದು.

ಅವರಿಗೆ ಬಂದ ವಾಸನೆ ನನಗೆ ಯಾಕೆ ಬರಲಿಲ್ಲ ಅಂತ ಆಮೇಲೆ ತಿಳಿಯಿತು. ವಾಸನೆ ಸ್ವಲ್ಪ ಸ್ವಲ್ಪವಾಗಿ ಏರುವಾಗ ದಿನವೂ ಅಲ್ಲೇ ಇರುವವನ ಮೂಗು ಒಗ್ಗಿಕೊಂಡುಬಿಡುತ್ತದೆ. ರಜೆಯಿಂದ ಬಂದವರಿಗೆ, ಬೇರೆ ಸೆಕ್ಷನ್ನಿನಿಂದ ಬಂದವರಿಗೆ ತಕ್ಷಣ ಗೊತ್ತಾಗುತ್ತದೆ. ತಮ್ಮಾ, ನೀನು ಹೊಸಬ. ಮೊದಲ ವಾರ ನಿನ್ನ ಮೂಗು ಆ ಗಣಿಯ ಎಲ್ಲರ ಮೂಗಿಗಿಂತ ಚುರುಕು. ಏನೇ ವಾಸನೆ ಬಂದರೂ ಬರೆ. ಸೀಮೆಎಣ್ಣೆ, ಪೆಟ್ರೋಲ್, ಟಾರ್, ಎಂತದ್ದು ಅನಿಸಿದರೂ ಸರಿ. ಜಾಗ, ಗಂಟೆ, ಯಾರು ಹೇಳಿದರು, ಎಲ್ಲ ಬರೆ. ನಿನಗೆ ಬರದಿದ್ದರೂ, ಬಂತು ಅಂತ ಹೇಳಿದವರ ಮಾತು ಬರೆ.

ಬಜ್ಪೆ ಇನ್‌ಸ್ಟ್ರುಮೆಂಟ್ – ಬುಧವಾರ ಬೆಳಗ್ಗೆ

ಸಾರ್, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನು ಕ್ಯಾಲಿಬ್ರೇಷನ್ ಮಾಡಿ ಸರ್ಟಿಫಿಕೇಟ್ ಕೊಟ್ಟು ಬರುವವ, ಓದುವವರು ಹೇಗೆ ಓದುತ್ತಾರೆ ಅಂತ ಯೋಚಿಸಿಯೇ ಇರಲಿಲ್ಲ.

ಸುರತ್ಕಲ್ ಹೊಸಬ – ಬುಧವಾರ ಮಧ್ಯಾಹ್ನ

ತುಂಬ ಉಪಕಾರ ಆಯಿತು ಸಾರ್. ಒಂದು ವಿಷಯ ಕೇಳಲಾ? ಗೋಡೆ ಕಟ್ಟಿ ಮುಚ್ಚಿದರೆ ಮುಗಿಯಿತಾ? ಆಸ್ಟ್ರೇಲಿಯಾದ ಮೌರಾ ಗಣಿಯಲ್ಲಿ ಮುಚ್ಚಿದ ಮೇಲೆಯೇ ಸ್ಫೋಟ ಆದದ್ದು ಅಂತ ಓದಿದ್ದೆ.

ಕಟಪಾಡಿ ಓವರ್‌ಮನ್ – ಬುಧವಾರ ರಾತ್ರಿ

ಸರಿಯಾದ ಪ್ರಶ್ನೆ. ಮುಚ್ಚುವ ದಿನವೇ ಎಲ್ಲಕ್ಕಿಂತ ಅಪಾಯದ ದಿನ.

ಮೌರಾ ನಂಬರ್ 2, ಕ್ವೀನ್ಸ್‌ಲ್ಯಾಂಡ್. 1994ರ ಆಗಸ್ಟ್ 7, ಭಾನುವಾರ. 512 ಅನ್ನುವ ಪ್ಯಾನೆಲ್ಲಿನಲ್ಲಿ ಕಲ್ಲಿದ್ದಲು ಬಿಸಿಯಾಗುವ ಲಕ್ಷಣ ಕೆಲವು ವಾರಗಳಿಂದ ಇತ್ತು. ವಾಸನೆ ಬಂದಿತ್ತು, ಕಾರ್ಬನ್ ಮೊನಾಕ್ಸೈಡ್ ಏರಿತ್ತು. ಬಜ್ಪೆಯವರೇ, ಅಲ್ಲಿ ಗಾಳಿ ಎಳೆದು ಪರೀಕ್ಷಿಸುವ ಯಂತ್ರವೂ ಇತ್ತು. ಅವತ್ತು ನಸುಕಿಗೆ ಪ್ಯಾನೆಲ್ ಮುಚ್ಚಿದರು. ಅದೇ ರಾತ್ರಿ, ಇನ್ನೂ ಒಂದು ದಿನ ತುಂಬುವ ಮೊದಲೇ, ಸ್ಫೋಟ. ಆಗ ಕೆಳಗೆ 21 ಜನ ಇದ್ದರು. 10 ಜನ ಮೇಲೆ ಬಂದರು, 11 ಜನ ಬರಲಿಲ್ಲ. ಎರಡು ದಿನದ ಮೇಲೆ ಇನ್ನೊಂದು ಸ್ಫೋಟ ಆಗಿ, ರಕ್ಷಣೆಯವರು ಇಳಿಯಲಿಕ್ಕೇ ಆಗದೆ, ಇಡೀ ಗಣಿಯನ್ನು ಮುಚ್ಚಿದರು. ಆ 11 ಜನ ಇವತ್ತಿಗೂ ಅಲ್ಲೇ ಇದ್ದಾರೆ. ಅದೇ ಊರಿನ ಗಣಿಯಲ್ಲಿ 1986ರಲ್ಲಿ 12 ಜನ, ಪಕ್ಕದ ಕಿಯಾಂಗಾದಲ್ಲಿ 1975ರಲ್ಲಿ 13 ಜನ ಹೋಗಿದ್ದರು.

ಯಾಕೆ ಹಾಗಾಯಿತು ಅಂದರೆ, ಮೀಥೇನ್ ಗಾಳಿಯಲ್ಲಿ ಶೇ. 5ರಿಂದ 15ರ ತನಕ ಇದ್ದರೆ ಸಿಡಿಯುತ್ತದೆ. ಆಮ್ಲಜನಕ ಸುಮಾರು ಶೇ. 12 ಆದರೂ ಇರಬೇಕು. ಗಾಳಿ ಹರಿಯುತ್ತಿರುವಾಗ ಮೀಥೇನ್ 5ಕ್ಕಿಂತ ಕೆಳಗೆ ಇರುತ್ತದೆ. ಮುಚ್ಚಿದ ಕೂಡಲೇ ಅದು ಒಳಗೆ ತುಂಬತೊಡಗುತ್ತದೆ. 3, 5, 9, 15, ಆಮೇಲೆ ದಾಟಿ ಹೋಗುತ್ತದೆ. ದಾಟಿದ ಮೇಲೆ ಕ್ಷೇಮ. ಆದರೆ ಆ ನಡುವಿನ ಹೊತ್ತಿನಲ್ಲಿ ಒಳಗೆ ಒಂದು ಕೆಂಡ ಇದ್ದರೆ? ಹಾಗಾಗಿ ಮುಚ್ಚಿದ ಮೇಲೆ ಎಲ್ಲರೂ ಹೊರಗೆ. ಒಳಗಿನ ಗಾಳಿ ಸಿಡಿಯುವ ಹಂತ ದಾಟಿತು ಅಂತ ಸ್ಯಾಂಪಲ್ ಹೇಳುವ ತನಕ ಒಬ್ಬನೂ ಇಳಿಯಬಾರದು. ಸಾರಜನಕ ಒಳಗೆ ಬಿಟ್ಟು ಆಮ್ಲಜನಕವನ್ನು ಬೇಗ ಕೆಳಗೆ ಇಳಿಸುವುದು ಇದಕ್ಕೇ. ಒಂದು ಪಾಳಿಯ ಉತ್ಪಾದನೆ ಹೋಗುತ್ತದೆ ಅಂತ ಯಾರಾದರೂ ಅವಸರ ಮಾಡಿದರೆ ಆಗುವುದಿಲ್ಲ ಅಂತ ಹೇಳುವ ಧೈರ್ಯ ನಿನಗೆ ಬೇಕು. ಟ್ರೈನಿ ಆದರೂ ಬೇಕು.

ತೆರೆಯುವುದೂ ಅಷ್ಟೇ. ಬಚ್ಚಲೊಲೆಯಲ್ಲಿ ತೆಂಗಿನ ಸಿಪ್ಪೆಗೆ ರಾತ್ರಿ ಬೂದಿ ಮುಚ್ಚಿದರೆ ಬೆಳಗ್ಗೆ ಕೆದಕಿ ಊದಿದಾಗ ಕೆಂಪಾಗುವುದಿಲ್ಲವಾ? ಗಣಿಯಲ್ಲಿ ಆ ರಾತ್ರಿ ಅಂದರೆ ತಿಂಗಳುಗಳು, ಕೆಲವು ಸಲ ವರ್ಷಗಳು. ಜಾರ್ಖಂಡಿನ ಝರಿಯಾ ಕಲ್ಲಿದ್ದಲು ಪ್ರದೇಶದಲ್ಲಿ 1916ರಲ್ಲಿ ಮೊದಲು ಕಂಡ ಬೆಂಕಿ ನೂರು ವರ್ಷ ದಾಟಿದರೂ ಆರಲಿಲ್ಲ. ಹಳೆಯ ಕಾಲದವರು ಲೆಕ್ಕವಿಲ್ಲದೆ ತೆಗೆದು ಹಾಗೇ ಬಿಟ್ಟುಹೋದ ಜಾಗಗಳು, ಮೇಲಿಂದ ಗಾಳಿ ಹೋಗುತ್ತಲೇ ಉಂಟು.

ನಿಜವಾದ ಕೆಲಸ ಇದೆಲ್ಲಕ್ಕಿಂತ ಮೊದಲು, ನಕ್ಷೆಯ ಮೇಲೆ ಮುಗಿದಿರಬೇಕು. ಕಲ್ಲಿದ್ದಲು ತೆರೆದುಕೊಂಡ ದಿನದಿಂದ ಬಿಸಿಯಾಗುವ ತನಕದ ಸಮಯಕ್ಕೆ ಇನ್‌ಕ್ಯುಬೇಷನ್ ಅವಧಿ ಅನ್ನುತ್ತಾರೆ. ಒಂದೊಂದು ಪದರಕ್ಕೆ ಒಂದೊಂದು, ಕೆಲವಕ್ಕೆ ಕೆಲವೇ ತಿಂಗಳು. ಪ್ಯಾನೆಲ್ ಎಷ್ಟು ದೊಡ್ಡದು ಮಾಡಬೇಕು ಅಂದರೆ, ಆ ಅವಧಿಯೊಳಗೆ ತೆಗೆದು ಮುಗಿಸಿ ಮುಚ್ಚುವಷ್ಟು ಮಾತ್ರ. ಯಂತ್ರ ಕೆಟ್ಟು ಎರಡು ತಿಂಗಳು ನಿಂತಿತು ಅನ್ನು, ಗಡಿಯಾರ ನಿಲ್ಲುವುದಿಲ್ಲ. ಸೇರಿದ ಮೇಲೆ ನಿನ್ನ ಪ್ಯಾನೆಲ್ಲಿನಲ್ಲಿ ಪಿಲ್ಲರ್ ತೆಗೆಯಲು ಯಾವ ದಿನ ಶುರು ಮಾಡಿದರು, ಅವಧಿ ಎಷ್ಟು, ಎಷ್ಟು ದಿನ ಉಳಿದಿದೆ ಅಂತ ಡೈರಿಯಲ್ಲಿ ಬರೆದಿಟ್ಟುಕೋ.

ಬ್ರಹ್ಮಾವರದ ಅಮ್ಮ – ಗುರುವಾರ ಬೆಳಗ್ಗೆ

ಇಲ್ಲಿ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ. ನನ್ನ ಮಗನೂ ಕಲ್ಲಿದ್ದಲು ಗಣಿಯಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷ ಆಯಿತು. ಫೋನ್ ಮಾಡಿದರೆ ಊಟ ಆಯ್ತಾ, ಜ್ವರ ಉಂಟಾ ಅಂತ ಕೇಳುತ್ತೇನೆ. ಅವನು ಎಲ್ಲ ಸರಿ ಉಂಟಮ್ಮ ಅನ್ನುತ್ತಾನೆ. ನಿಮ್ಮದೆಲ್ಲ ಓದಿ ರಾತ್ರಿ ನಿದ್ದೆ ಬರಲಿಲ್ಲ. ನಾನು ಅವನ ಹತ್ತಿರ ಬೇರೆ ಎಂತ ಕೇಳಬೇಕು ಹೇಳಿ.

ಕಟಪಾಡಿ ಓವರ್‌ಮನ್ – ಗುರುವಾರ ಬೆಳಗ್ಗೆ

ಅಮ್ಮಾ, ಧಾರಾಳವಾಗಿ ಬರೆಯಿರಿ. ಒಂದೇ ಪ್ರಶ್ನೆ ಕೇಳಿ. "ಸೊಂಟದಲ್ಲಿ ಸೆಲ್ಫ್ ರೆಸ್ಕ್ಯೂವರ್ ಉಂಟಾ? ಇಲ್ಲ ಒಂದು ಕಡೆ ಬಿಚ್ಚಿಟ್ಟು ಕೆಲಸ ಮಾಡುತ್ತೀಯಾ?" ಅದು ವಿಷಗಾಳಿಯಲ್ಲಿ ಉಸಿರಾಡಿ ಹೊರಗೆ ಬರಲಿಕ್ಕೆ ಕೊಡುವ ಡಬ್ಬಿ. ಭಾರ ಅಂತ ಹುಡುಗರು ಬಿಚ್ಚಿ ಮರದ ದಿಮ್ಮಿಯ ಮೇಲೆ ಇಡುತ್ತಾರೆ. ಬೆಂಕಿಯಲ್ಲಿ ಸುಟ್ಟು ಸಾಯುವವರಿಗಿಂತ ಕಾರ್ಬನ್ ಮೊನಾಕ್ಸೈಡ್ ಕುಡಿದು ಹೋಗುವವರು ಜಾಸ್ತಿ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನೆತ್ತರಿನಲ್ಲಿ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹೊಗೆ ಕಂಡ ಮೇಲೆ ಡಬ್ಬಿ ಇಟ್ಟ ಕಡೆಗೆ ಓಡಲಿಕ್ಕೆ ಸಮಯ ಸಿಗುವುದಿಲ್ಲ.

ಇನ್ನೊಂದು ಕೇಳಿ, ಡಬ್ಬಿ ಯಾವ ಥರದ್ದು ಅಂತ. ಹಳೆಯ ಥರದ್ದು ಬರೀ ಸೋಸುವುದು. ಕಾರ್ಬನ್ ಮೊನಾಕ್ಸೈಡನ್ನು ಕಾರ್ಬನ್ ಡೈಆಕ್ಸೈಡ್ ಮಾಡಿ ಬಿಡುತ್ತದೆ, ಆದರೆ ಸುತ್ತಲಿನ ಗಾಳಿಯಲ್ಲಿ ಆಮ್ಲಜನಕವೇ ಇಲ್ಲದಿದ್ದರೆ ಉಪಯೋಗಕ್ಕೆ ಬರುವುದಿಲ್ಲ. ಇನ್ನೊಂದು ತಾನೇ ಆಮ್ಲಜನಕ ಕೊಡುವಂಥದ್ದು. ಅವನಿಗೆ ಕಣ್ಣು ಮುಚ್ಚಿಕೊಂಡು ಅದನ್ನು ಹಾಕಿಕೊಳ್ಳಲಿಕ್ಕೆ ಬರಬೇಕು. ತರಬೇತಿಗೆ ಇಟ್ಟ ಡಬ್ಬಿಯಲ್ಲಿ ಲೈಟ್ ಆರಿಸಿ ಅಭ್ಯಾಸ ಮಾಡಲಿ. ನೀವು ಕೇಳಿದರೆ ಮಾಡುತ್ತಾನೆ, ಆಫೀಸರ್ ಹೇಳಿದ್ದಕ್ಕಿಂತ ಅಮ್ಮ ಹೇಳಿದ್ದು ಬೇಗ ನಾಟುತ್ತದೆ.

ಬ್ರಹ್ಮಾವರದ ಅಮ್ಮ – ಗುರುವಾರ ರಾತ್ರಿ

ಕೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ನಾಳೆಯಿಂದ ಕಟ್ಟಿಕೊಳ್ಳುತ್ತೇನೆ ಅಂದ. ದೇವರು ನಿಮ್ಮನ್ನು ಚೆನ್ನಾಗಿ ಇಟ್ಟಿರಲಿ.

ಸುರತ್ಕಲ್ ಹೊಸಬ – ಎರಡು ತಿಂಗಳ ನಂತರ, ಶುಕ್ರವಾರ

ಎಲ್ಲರಿಗೂ ಮತ್ತೆ ನಮಸ್ಕಾರ. ಸೇರಿ ಮೂರು ವಾರ ಆಯಿತು. ಡೈರಿ ಇಟ್ಟಿದ್ದೇನೆ ಸಾರ್, ಗ್ರಾಫ್ ಕೈಯಲ್ಲೇ ಹಾಕುತ್ತಿದ್ದೇನೆ. ಎರಡನೆಯ ವಾರ ಒಂದು ಹಳೆಯ ಪ್ಯಾನೆಲ್ಲಿನ ಗೋಡೆಯ ಹತ್ತಿರ ನಡೆಯುವಾಗ ಕಾಲಿಗೆ ತಣ್ಣಗೆ ಗಾಳಿ ತಾಗಿದ ಹಾಗಾಯಿತು. ಎಂಟು ತಿಂಗಳ ಹಿಂದೆ ಮುಚ್ಚಿದ ಪ್ಯಾನೆಲ್. ವಾಸನೆ ಇಲ್ಲ, ಬೆವರು ಇಲ್ಲ. ಆದರೂ ಬರೆದೆ. ನಮ್ಮ ಆಫೀಸರ್ ಒಳ್ಳೆಯವರು, ನೀನೇ ಸ್ಯಾಂಪಲ್ ತೆಗೆ ಅಂದರು. ಇವತ್ತು ಬೆಳಗ್ಗೆ ಎಂಟು ಗಂಟೆಗೆ ಗೋಡೆಯ ಪೈಪಿನಿಂದ ತೆಗೆದೆ. ಆಮ್ಲಜನಕ 20.3, ಸಾರಜನಕ 79.5, ಕಾರ್ಬನ್ ಮೊನಾಕ್ಸೈಡ್ 10 ಪಿಪಿಎಂ. ಅನುಪಾತ 0.13. ತೊಂದರೆ ಇಲ್ಲ ಅಲ್ವಾ?

ಕಟಪಾಡಿ ಓವರ್‌ಮನ್ – ಶುಕ್ರವಾರ ರಾತ್ರಿ

ಬರೆದದ್ದು ಬಹಳ ಒಳ್ಳೆಯದಾಯಿತು ತಮ್ಮಾ. ಆದರೆ ಅದು ಒಳಗಿನ ಗಾಳಿ ಅಲ್ಲ. ಎಂಟು ತಿಂಗಳು ಮುಚ್ಚಿದ ಜಾಗದಲ್ಲಿ 20.3 ಆಮ್ಲಜನಕ ಇರಲಿಕ್ಕೆ ಸಾಧ್ಯವೇ ಇಲ್ಲ.

ಗೋಫ್ ಉಸಿರಾಡುತ್ತದೆ. ಕಡಲಿಗೆ ಉಬ್ಬರ ಇಳಿತ ಇರುವ ಹಾಗೆ ಹವೆಯ ಒತ್ತಡಕ್ಕೂ ದಿನಕ್ಕೆ ಎರಡು ಸಲ ಏರಿಳಿತ ಉಂಟು. ನಮ್ಮ ದೇಶದಲ್ಲಿ ಬೆಳಗಿನ ಜಾವ ನಾಲ್ಕರಿಂದ ಹತ್ತರ ತನಕ ಏರುತ್ತದೆ. ಆಗ ಹೊರಗಿನ ಗಾಳಿ ಗೋಡೆಯ ಸಂದಿನಿಂದ ಒಳಗೆ ಹೋಗುತ್ತದೆ. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ ಇಳಿಯುತ್ತದೆ, ಆಗ ಒಳಗಿನದ್ದು ಹೊರಗೆ ಬರುತ್ತದೆ. ನೀನು ಎಂಟಕ್ಕೆ ತೆಗೆದದ್ದು ಆಗ ತಾನೇ ಒಳಗೆ ಹೋದ ಹೊರಗಿನ ಗಾಳಿ. ಗೋಡೆಯಲ್ಲಿ ಯೂ ಟ್ಯೂಬ್, ಅಂದರೆ ನೀರು ತುಂಬಿದ ಬಾಗಿದ ಕೊಳವೆ, ಇದ್ದರೆ ನೀರಿನ ಮಟ್ಟ ನೋಡು, ಒತ್ತಡ ಯಾವ ಕಡೆಗೆ ಅಂತ ಅದೇ ಹೇಳುತ್ತದೆ. ನಾಳೆ ಮಧ್ಯಾಹ್ನ ಎರಡು ಗಂಟೆಯ ಮೇಲೆ ತೆಗೆ. ಪೈಪಿನಲ್ಲಿ ನಿಂತ ಗಾಳಿಯನ್ನು ಮೊದಲು ಚೆನ್ನಾಗಿ ಎಳೆದು ಬಿಡು. ಸೊಂಟದ ಡಬ್ಬಿ ನೋಡಿಕೋ, ಒಬ್ಬನೇ ಹೋಗಬೇಡ.

ಸುರತ್ಕಲ್ ಹೊಸಬ – ಶನಿವಾರ ರಾತ್ರಿ

ಎರಡೂವರೆಗೆ ತೆಗೆದೆ. ಕೆಲಸಗಾರರ ಮೇಲ್ವಿಚಾರಣೆ ನೋಡುವ ಸರ್ದಾರರು ಜೊತೆಗಿದ್ದರು. ಆಮ್ಲಜನಕ 11.2, ಸಾರಜನಕ 86, ಕಾರ್ಬನ್ ಮೊನಾಕ್ಸೈಡ್ 60 ಪಿಪಿಎಂ. ಕೊರತೆ 11.6. ಅನುಪಾತ 0.05. ಪಿಪಿಎಂ ನೋಡಿ ಮೊದಲು ಎದೆ ಧಸಕ್ಕೆಂದಿತು, ಲೆಕ್ಕ ಮಾಡಿದ ಮೇಲೆ ಸಮಾಧಾನ.

ಕಟಪಾಡಿ ಓವರ್‌ಮನ್ – ಶನಿವಾರ ರಾತ್ರಿ

ಈಗ ಸಿಕ್ಕಿತು ನೋಡು. ಅನುಪಾತ ಒಳ್ಳೆಯದುಂಟು, ಬಿಸಿ ಇಲ್ಲ. ಆದರೆ ಎಂಟು ತಿಂಗಳ ಮೇಲೂ 11 ಆಮ್ಲಜನಕ ಅಂದರೆ ಗೋಡೆ ಸೋರುತ್ತಿದೆ. ಅದು ಇಷ್ಟು ಹೊತ್ತಿಗೆ ತುಂಬ ಕೆಳಗೆ ಇಳಿದಿರಬೇಕಿತ್ತು. ಕಾಲಿಗೆ ತಣ್ಣಗೆ ತಾಗಿದ್ದು ಎಲ್ಲಿ? ನೆಲದ ಹತ್ತಿರವಾ, ಬದಿಯಲ್ಲಾ? ಗಾಳಿ ಯಾವ ಕಡೆ ಹೋಗುತ್ತದೆ ಅಂತ ತೋರಿಸಲು ಸ್ವಲ್ಪ ಹೊಗೆ ಬಿಡುವ ಸ್ಮೋಕ್ ಟ್ಯೂಬ್ ಹಿಡಿದು ಗೋಡೆಯ ಉದ್ದಕ್ಕೂ ನೋಡು. ಗೋಡೆಗಿಂತ ಜಾಸ್ತಿ ಅದರ ಬದಿಯ ಪಿಲ್ಲರಿನ ಬಿರುಕು ನೋಡು.

ಸುರತ್ಕಲ್ ಹೊಸಬ – ಮಂಗಳವಾರ ಮಧ್ಯಾಹ್ನ

ಎಡಬದಿ ಸಾರ್, ನೆಲದಿಂದ ಒಂದು ಅಡಿ ಮೇಲೆ. ಗೋಡೆ ಸರಿಯೇ ಉಂಟು, ಪಿಲ್ಲರಿನ ಮೂಲೆ ಒಡೆದಿದೆ. ಹೊಗೆ ಸೀದಾ ಅದರೊಳಗೆ ಹೋಯಿತು. ನಾಳೆಯಿಂದ ಬಿರುಕಿಗೆ ಸಿಮೆಂಟ್ ಒತ್ತಿ ತುಂಬಿಸಿ ಮೇಲೆ ಪ್ಲಾಸ್ಟರ್ ಮಾಡುತ್ತಾರೆ. ಮುಂದಿನ ಸ್ಯಾಂಪಲ್ ಶನಿವಾರ, ಎರಡೂವರೆಗೆ.